ಚುಕ್ಕಾಣಿಯ ಮುಂದಿನ ಹಲಗೆ: ಸಣ್ಣ ದೋಣಿಗಳಲ್ಲಿ ಉಪಕರಣ ಹುದುಗಿಸುವ ಕೆಲಸ

ಚುಕ್ಕಾಣಿ ಎಂಬ ಪದವನ್ನು ನಮ್ಮ ಕನ್ನಡ ಪತ್ರಿಕೆಗಳು ರಾಜಕೀಯ ಪಕ್ಷಗಳಿಗೂ ಕ್ರಿಕೆಟ್ ತಂಡಗಳಿಗೂ ಧಾರೆಯೆರೆದುಕೊಟ್ಟು ಎಷ್ಟೋ ಕಾಲವಾಯಿತು. ಯಾರು ಯಾವ ಪಕ್ಷದ ಚುಕ್ಕಾಣಿ ಹಿಡಿದರು ಎಂದು ನಿತ್ಯವೂ ಓದುವ ನಮ್ಮಲ್ಲಿ ನಿಜವಾದ ಚುಕ್ಕಾಣಿಯನ್ನು ಕಣ್ಣಾರೆ ಕಂಡವರು ಕಡಿಮೆ. ಚೆನ್ನೈನಲ್ಲಿ ವಾಸಿಸುವ ಕನ್ನಡಿಗರಿಗೆ ಇದಕ್ಕೆ ನೆಪ ಹೇಳಲು ಆಸ್ಪದವಿಲ್ಲ. ರಾಯಪುರಂ ಕಡೆಯಿಂದ ಸಮುದ್ರದ ಅಂಚು ಹಿಡಿದು ಉತ್ತರಕ್ಕೆ ಹೋದರೆ ಕಾಸಿಮೇಡು ಮೀನುಗಾರಿಕೆ ಬಂದರು ಸಿಗುತ್ತದೆ. ಅಲ್ಲಿ ಚುಕ್ಕಾಣಿ ಇನ್ನೂ ರೂಪಕವಾಗಿಲ್ಲ. ಕೈಯಲ್ಲಿ ಹಿಡಿದು ತಿರುಗಿಸುವ ವಸ್ತುವಾಗಿಯೇ ಉಳಿದಿದೆ. ಯಾಂತ್ರಿಕ ದೋಣಿಯನ್ನು ತಮಿಳರು 'ವಿಶೈಪ್ಪಡಗು' ಎನ್ನುತ್ತಾರೆ. ಆ 'ಪಡಗು' ನಮ್ಮ 'ಹಡಗಿ'ನ ಒಡಹುಟ್ಟು ಎಂಬುದನ್ನು, ಪಕಾರ ಹಕಾರವಾದ ಕಥೆಯನ್ನು ಬಲ್ಲ ಓದುಗರಿಗೆ ವಿವರಿಸಬೇಕಿಲ್ಲ.

ನಾವು ಬರೆಯಹೊರಟಿರುವುದು ಚುಕ್ಕಾಣಿಯ ಬಗ್ಗೆಯಲ್ಲ, ಅದರ ಮುಂದೆ ನಿಂತ ಹಲಗೆಯ ಬಗ್ಗೆ. ಹಿಂದೆ ಆ ಹಲಗೆಯ ಮೇಲೆ ಒಂದು ದಿಕ್ಸೂಚಿ, ಒಂದು ದೇವರ ಪಟ, ಎಂಜಿನ್ನಿನ ಒಂದೆರಡು ಗಡಿಯಾರದಂಥ ಮಾಪಕಗಳು ಇರುತ್ತಿದ್ದವು. ಈಗ ಅವುಗಳ ನಡುವೆ ಬಣ್ಣದ ಪರದೆಗಳು ಬಂದು ಕುಳಿತಿವೆ. ಬ್ಯಾಂಕಿನಲ್ಲಿ ಸಾಲದ ಕಡತಗಳ ನಡುವೆ ಕೂದಲು ಹಣ್ಣಾಗಿಸಿಕೊಂಡ ನಮಗೆ ಈ ಪರದೆಗಳ ಪರಿಚಯವಾದದ್ದು ಮೊದಲು ಕಾಗದದ ಮೇಲೆ. ದೋಣಿ ದುರಸ್ತಿಗೆಂದು ಬಂದ ದರಪಟ್ಟಿಗಳಲ್ಲಿ ಜಿಪಿಎಸ್, ಎಕೋ ಸೌಂಡರ್, ವೈರ್‌ಲೆಸ್ ಎಂಬ ಸಾಲುಗಳ ಕೆಳಗೆ 'ಫ್ಲಶ್ ಫಿಟ್ಟಿಂಗ್' ಎಂದು ಬೇರೆಯದೇ ಒಂದು ಮೊತ್ತ ಕಾಣುತ್ತಿತ್ತು. ಉಪಕರಣಕ್ಕೆ ಹಣ ಕೊಟ್ಟ ಮೇಲೆ ಅದನ್ನು ಕೂರಿಸಲು ಇಷ್ಟೊಂದು ಕೂಲಿಯೇಕೆ ಎಂಬ ಕುತೂಹಲದಿಂದ ಬಂದರಿಗೆ ಹೋಗಿ ನೋಡಿದೆವು, ಕೈಪಿಡಿಗಳನ್ನು ಓದಿದೆವು. ಕಲಾ ವಿಭಾಗದ ಪದವೀಧರರಿಗೆ ಅರ್ಥವಾಗುವಷ್ಟು ಸರಳವಾಗಿ ಅದನ್ನಿಲ್ಲಿ ಹೇಳಲು ಯತ್ನಿಸುತ್ತೇವೆ.

ಉಪಕರಣವನ್ನು ಕೂರಿಸಲು ಎರಡು ಮಾರ್ಗಗಳಿವೆ. ಒಂದು, ಹಲಗೆಯ ಮೇಲೆ ಕಬ್ಬಿಣದ ಅಥವಾ ಪ್ಲಾಸ್ಟಿಕ್ಕಿನ ಕೊಂಡಿ ತಿರುಪಿ ಅದರಲ್ಲಿ ಉಪಕರಣವನ್ನು ಸಿಕ್ಕಿಸುವುದು. ಬೇಕೆನಿಸಿದಾಗ ಅತ್ತಿತ್ತ ತಿರುಗಿಸಬಹುದು, ಮನೆಗೂ ಒಯ್ಯಬಹುದು. ಎರಡನೆಯದು, ಹಲಗೆಯಲ್ಲಿ ಉಪಕರಣದ ಅಳತೆಗೆ ಸರಿಯಾಗಿ ಕಿಂಡಿ ಕೊರೆದು, ಒಡಲನ್ನು ಒಳಗಿಳಿಸಿ, ಮುಖ ಮಾತ್ರ ಹಲಗೆಯ ಮಟ್ಟಕ್ಕೆ ಸಮನಾಗಿ ನಿಲ್ಲುವಂತೆ ಮಾಡುವುದು. ಇದೇ ಫ್ಲಶ್ ಫಿಟ್ಟಿಂಗ್. ನಮ್ಮ ಅಜ್ಜಿಯರ ಕಾಲದ ಅಡುಗೆಮನೆಯಲ್ಲಿ ಒರಳುಕಲ್ಲನ್ನು ನೆಲಕ್ಕೆ ಹೂಳುತ್ತಿದ್ದರಲ್ಲ, ಅದೇ ತತ್ತ್ವ. ಹೂತ ಒರಳು ಅಲುಗುವುದಿಲ್ಲ, ಕಾಲಿಗೆ ತಾಗುವುದಿಲ್ಲ, ನೋಡಲೂ ಚೆಂದ. ಆದರೆ ಅದನ್ನು ಹೂಳಿದ ಜಾಗ ತಪ್ಪಾಗಿದ್ದರೆ ಮೂರು ತಲೆಮಾರಿನ ಸೊಸೆಯರು ಬೆನ್ನು ನೋಯಿಸಿಕೊಳ್ಳುತ್ತಾರೆ. ದೋಣಿಯ ವಿಷಯದಲ್ಲಿ ಪಣಕ್ಕಿರುವುದು ಬೆನ್ನುನೋವಿಗಿಂತ ದೊಡ್ಡದು.

ಪರದೆಗಳು ಏನು ಮಾಡುತ್ತವೆ ಎಂಬುದನ್ನು ಸಂಕ್ಷಿಪ್ತವಾಗಿ ನೋಡೋಣ. ಜಿಪಿಎಸ್ ನಕ್ಷೆಯಂತ್ರವು ಉಪಗ್ರಹಗಳ ಸಂಕೇತದಿಂದ ದೋಣಿಯಿರುವ ಅಕ್ಷಾಂಶ, ರೇಖಾಂಶಗಳನ್ನು ತಿಳಿಸುತ್ತದೆ. 2000ನೇ ಇಸವಿಯ ಮೇ ಆರಂಭದಲ್ಲಿ ಅಮೆರಿಕ ಸರ್ಕಾರವು ನಾಗರಿಕ ಬಳಕೆಯ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ನಿಲ್ಲಿಸಿತು. ಅಲ್ಲಿಯವರೆಗೆ ಸುಮಾರು 100 ಮೀಟರ್ ಆಚೀಚೆ ತೋರಿಸುತ್ತಿದ್ದ ಯಂತ್ರ ಅಂದಿನಿಂದ ಇಪ್ಪತ್ತು ಮೀಟರಿನೊಳಗೆ ನಿಖರವಾಯಿತು. ಸಣ್ಣ ಮೀನುಗಾರನಿಗೂ ಈ ಯಂತ್ರದ ಮೇಲೆ ಭರವಸೆ ಹುಟ್ಟಿದ್ದು ಆಮೇಲೆಯೇ. ಎಕೋ ಸೌಂಡರ್ ದೋಣಿಯ ತಳದಿಂದ ಶಬ್ದದ ಮಿಡಿತವನ್ನು ಕೆಳಗೆ ಕಳುಹಿಸಿ ಮಾರ್ದನಿಗೆ ಕಾಯುತ್ತದೆ. ಸಮುದ್ರದ ನೀರಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುವುದರಿಂದ, 30 ಮೀಟರ್ ಆಳದ ತಳದಿಂದ ಮಾರ್ದನಿ ಮರಳಲು ಸೆಕೆಂಡಿನ ನೂರರಲ್ಲಿ ನಾಲ್ಕು ಪಾಲು ಸಾಕು. ತಳ, ಬಂಡೆ, ಮೀನಿನ ಹಿಂಡು ಎಲ್ಲವೂ ಹೀಗೆ ಪರದೆಯ ಮೇಲೆ ಮೂಡುತ್ತವೆ. ವಿಎಚ್‌ಎಫ್ ವೈರ್‌ಲೆಸ್ ಮಾತಿಗೆ. ಅದರ 16ನೇ ಚಾನೆಲ್ ಜಗತ್ತಿನೆಲ್ಲೆಡೆ ಅಪಾಯದ ಕರೆಗೆ ಮೀಸಲು. ಇವುಗಳ ಜೊತೆಗೆ ಇತ್ತೀಚೆಗೆ ಸೇರಿರುವುದು ಇಸ್ರೋ ಅಭಿವೃದ್ಧಿಪಡಿಸಿದ ಉಪಗ್ರಹ ಸಂಪರ್ಕದ ಟ್ರಾನ್ಸ್‌ಪಾಂಡರ್. ಅದರ ವಿಷಯಕ್ಕೆ ಮುಂದೆ ಬರುತ್ತೇವೆ.

ಈ ಹಲಗೆ ಏಕೆ ಮುಖ್ಯವೆಂಬುದಕ್ಕೆ ತಮಿಳುನಾಡಿನ ಕರಾವಳಿಯೇ ಸಾಕ್ಷಿ. 1974 ಮತ್ತು 1976ರ ಒಪ್ಪಂದಗಳಲ್ಲಿ ಭಾರತ ಮತ್ತು ಶ್ರೀಲಂಕಾ ದೇಶಗಳು ಸಮುದ್ರದಲ್ಲಿ ಗಡಿರೇಖೆ ಎಳೆದುಕೊಂಡವು. ಆ ರೇಖೆ ನೀರಿನ ಮೇಲೆ ಕಾಣುವುದಿಲ್ಲ, ಪರದೆಯ ಮೇಲಷ್ಟೇ ಕಾಣುತ್ತದೆ. ರಾಮೇಶ್ವರದ ಕಡೆಯ ಮೀನುಗಾರರು ಅದನ್ನು ದಾಟಿದರೆಂಬ ಕಾರಣಕ್ಕೆ ಬಂಧನಕ್ಕೊಳಗಾದ ಸುದ್ದಿಯನ್ನು ವರ್ಷವರ್ಷವೂ ಓದುತ್ತೇವೆ. ಗೊತ್ತಿದ್ದೇ ಮೀನಿನ ಬೆನ್ನು ಹತ್ತಿ ದಾಟುವವರಿದ್ದಾರೆ ಎಂಬುದು ಬೇರೆ ಮಾತು. ರಾತ್ರಿಯ ಸೆಳೆತದಲ್ಲಿ ತಿಳಿಯದೆ ದಾಟುವವನ ಪಾಲಿಗಂತೂ ಆ ಪರದೆಯೇ ಗಡಿಕಲ್ಲು. ಇತ್ತ ಚೆನ್ನೈನ ಕಡಲಿನಲ್ಲಿ ಭಯ ಮತ್ತೊಂದು ಬಗೆಯದು. ಚೆನ್ನೈ ಬಂದರು, ಎಣ್ಣೂರಿನ ಕಾಮರಾಜರ್ ಬಂದರು ಎರಡಕ್ಕೂ ಭಾರೀ ಹಡಗುಗಳು ಸದಾ ಬಂದುಹೋಗುತ್ತಿರುತ್ತವೆ. 2017ರ ಜನವರಿ 28ರಂದು ಎಣ್ಣೂರಿನ ಬಳಿ ಎರಡು ದೊಡ್ಡ ಹಡಗುಗಳೇ ಢಿಕ್ಕಿಯಾಗಿ ಕಡಲತೀರವೆಲ್ಲ ಎಣ್ಣೆ ಬಳಿದುಕೊಂಡಿದ್ದು ಓದುಗರಿಗೆ ನೆನಪಿರಬಹುದು. ಅಂಥ ಹಡಗುಗಳ ನಡುವೆ ಐವತ್ತು ಅಡಿಯ ದೋಣಿ ನುಗ್ಗಿ ಬರುವಾಗ ಅದನ್ನು ನಡೆಸುವವನ ಕಣ್ಣು ನೀರಿನ ಮೇಲೆ ಇರಬೇಕು. ಪರದೆಯ ಮೇಲೆ ಬಿದ್ದರೂ ಕ್ಷಣಾರ್ಧದಲ್ಲಿ ಮರಳಬೇಕು.

ಹುದುಗಿಸುವ ಕೆಲಸದ ತಿರುಳು ಇಲ್ಲಿದೆ ಎಂಬುದು ನಮ್ಮ ಅಭಿಪ್ರಾಯ. ಕಿಂಡಿಯ ನಯ, ಅಂಚಿನ ಅಂದ ಇವೆಲ್ಲ ಆಮೇಲಿನ ಮಾತು. ಪರದೆ ಎಲ್ಲಿದ್ದರೆ ಕಣ್ಣು ಸಮುದ್ರವನ್ನು ಬಿಡದೆ ಅದನ್ನು ಓದಬಲ್ಲುದು ಎಂಬುದನ್ನು ಗರಗಸ ಮುಟ್ಟುವ ಮೊದಲು ತೀರ್ಮಾನಿಸಬೇಕು. ಏಕೆಂದರೆ ಕೊಂಡಿಯನ್ನು ನಾಳೆ ಸರಿಸಬಹುದು, ಕಿಂಡಿಯನ್ನು ಸರಿಸಲಾಗದು. ಕಾಸಿಮೇಡಿನಲ್ಲಿ ಈ ಕೆಲಸ ಮಾಡುವ ಎಲೆಕ್ಟ್ರಿಷಿಯನ್ ಒಬ್ಬರು ನಮಗೆ ಹೇಳಿದ ಮಾತು ಚಿಕ್ಕದು: "ಸಾರ್, ದೋಣಿ ಯಜಮಾನರು ಹಲಗೆಯ ನಟ್ಟನಡುವೆ ಕೂರಿಸಿ ಅನ್ನುತ್ತಾರೆ, ನೋಡೋಕೆ ಲಕ್ಷಣ ಅಂತ. ದೋಣಿ ನಡೆಸುವವನು ನಿಲ್ಲುವುದು ನಡುವೆ ಅಲ್ಲ." ನಮ್ಮ ಕರಾವಳಿಯಲ್ಲಿ ದೋಣಿ ನಡೆಸುವವನನ್ನು ತಂಡೇಲ ಎನ್ನುತ್ತಾರೆ. ಯಜಮಾನನ ಕಣ್ಣಿಗೆ ಅಂದವಾದದ್ದು ತಂಡೇಲನ ಕಣ್ಣಿಗೆ ಅನುಕೂಲವಾಗಬೇಕೆಂದಿಲ್ಲ.

ಜಾಗ ಗೊತ್ತುಮಾಡಲು ಹಣ ಖರ್ಚಿಲ್ಲದ ಉಪಾಯವೊಂದಿದೆ. ಹಳೆಯ ಲಗ್ನಪತ್ರಿಕೆಯ ರಟ್ಟನ್ನೋ ಬೇರಾವುದೋ ದಪ್ಪ ಕಾಗದವನ್ನೋ ಪರದೆಯ ಅಳತೆಗೆ ಕತ್ತರಿಸಿ, ಹಲಗೆಯ ಮೇಲೆ ಅಂಟಿಸಿ, ನಾಲ್ಕು ದಿನ ಹಾಗೆಯೇ ದೋಣಿ ನಡೆಸುವುದು. ನಿಂತು ನಡೆಸುವಾಗ, ಕುಳಿತು ನಡೆಸುವಾಗ, ಚಕ್ರ ತಿರುಗಿಸುವ ತೋಳು ಅಡ್ಡ ಬಂದಾಗ, ಆ ರಟ್ಟು ಪೂರ್ತಿ ಕಾಣುತ್ತದೆಯೇ? ಮುಂದಿನ ಕಿಟಕಿಯ ಕೆಳ ಅಂಚಿಗೆ ಅದು ಹತ್ತಿರವಿದೆಯೇ, ಅಥವಾ ಮೊಣಕಾಲಿನ ಮಟ್ಟದಲ್ಲಿದೆಯೇ? ಗುಂಡಿ ಒತ್ತಲು ಕೈ ಚಾಚಿದರೆ ಅಲೆಯ ಹೊಡೆತಕ್ಕೆ ಮೈ ವಾಲುತ್ತದೆಯೇ? ಇವಕ್ಕೆಲ್ಲ ನಾಲ್ಕು ದಿನದಲ್ಲಿ ಉತ್ತರ ಸಿಗುತ್ತದೆ.

ಸೂರ್ಯನ ಲೆಕ್ಕವನ್ನೂ ಹಾಕಬೇಕು. ಚೆನ್ನೈನ ಸಣ್ಣ ದೋಣಿಗಳಲ್ಲಿ ಬಹಳಷ್ಟು ನಸುಕಿಗೆ ಮುನ್ನ ಹೊರಟು ಬೆಳಗಿನ ಹೊತ್ತಿಗೆ ಮರಳುತ್ತವೆ. ಮರಳುವಾಗ ದೋಣಿಯ ಮುಖ ಪಶ್ಚಿಮಕ್ಕೆ, ಸೂರ್ಯ ಬೆನ್ನ ಹಿಂದೆ. ತಂಡೇಲನ ಭುಜದ ಮೇಲಿಂದ ಹಾಯ್ದ ಬಿಸಿಲು ನೇರವಾಗಿ ಪರದೆಗೆ ಬಡಿದು ಚಿತ್ರವನ್ನು ಅಳಿಸಿಹಾಕುತ್ತದೆ. ಮಲ್ಪೆ, ಮಂಗಳೂರುಗಳಲ್ಲಿ ಸಮುದ್ರ ಪಶ್ಚಿಮಕ್ಕಿದ್ದರೂ ಸಂಜೆ ದಡಕ್ಕೆ ಬರುವ ದೋಣಿಗೆ ಇದೇ ಪಾಡು. ಮುಖ ಪೂರ್ವಕ್ಕೆ, ಇಳಿಬಿಸಿಲು ಬೆನ್ನಿಗೆ. ಬೆಳಗ್ಗೆ ಇಲ್ಲಿ, ಸಂಜೆ ಅಲ್ಲಿ, ಮನೆಗೆ ಬರುವ ಹೊತ್ತಿಗೆ, ಅಂದರೆ ಬಂದರಿನ ಬಾಯಿ ಹುಡುಕುವ ಹೊತ್ತಿಗೇ ಪರದೆ ಕುರುಡಾಗುತ್ತದೆ. ಕೊಂಡಿಯ ಮೇಲಿನ ಪರದೆಯನ್ನು ಸ್ವಲ್ಪ ತಿರುಗಿಸಿದರೆ ತೀರಿತು. ಹುದುಗಿದ ಪರದೆಗೆ ಹಲಗೆಯ ವಾಲು ಎಷ್ಟೋ ಅಷ್ಟೇ ಗತಿ. ಆದ್ದರಿಂದ ಹಲಗೆಯನ್ನೇ ನೋಡುವವನ ಕಣ್ಣಿಗೆ ಎದುರಾಗುವಂತೆ ವಾಲಿಸಿ, ಮೇಲೊಂದು ಸಣ್ಣ ಚಪ್ಪರದಂಥ ಮರೆ ಕೊಡುವುದು ಒಳ್ಳೆಯದು. ತಂಪು ಕನ್ನಡಕ ಧರಿಸುವವರು ಮತ್ತೊಂದನ್ನು ಗಮನಿಸಬೇಕು: ಪೋಲರಾಯ್ಡ್ ಗಾಜಿನ ಮೂಲಕ ನೋಡಿದರೆ ಕೆಲವು ಪರದೆಗಳು ಒಂದು ಕೋನದಲ್ಲಿ ಪೂರ್ತಿ ಕಪ್ಪಾಗಿ ಕಾಣುತ್ತವೆ. ಅಂಗಡಿಯಲ್ಲೇ ಕನ್ನಡಕ ಹಾಕಿಕೊಂಡು ನೋಡಿ ಕೊಳ್ಳುವುದು ಜಾಣತನ. ರಾತ್ರಿಯ ಪಾಡು ಇದಕ್ಕೆ ತದ್ವಿರುದ್ಧ. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು. ಪ್ರಕಾಶ ತಗ್ಗಿಸದ ಪರದೆಯನ್ನು ಒಮ್ಮೆ ದಿಟ್ಟಿಸಿದರೆ ಅಷ್ಟೂ ನಷ್ಟ. ಮುಂದಿನ ಗಾಜಿನಲ್ಲಿ ಪರದೆಯ ಪ್ರತಿಬಿಂಬ ಬಿದ್ದರಂತೂ ಎದುರಿನ ದೋಣಿಯ ಮಿಣುಕುದೀಪ ಅದರಲ್ಲೇ ಕರಗಿಹೋಗುತ್ತದೆ.

ಇನ್ನು ದಿಕ್ಸೂಚಿ. ಪರದೆಗಳು ಬಂದ ಮೇಲೆ ಇದನ್ನು ಅಲಂಕಾರವೆಂದು ತಿಳಿದವರಿದ್ದಾರೆ. ಬ್ಯಾಟರಿ ಸತ್ತ ಗಳಿಗೆಯಲ್ಲಿ ಹಲಗೆಯ ಮೇಲೆ ಜೀವಂತ ಉಳಿಯುವುದು ಅದೊಂದೇ. ಅದರ ಸೂಜಿಗೆ ಭೂಮಿಯ ಅಯಸ್ಕಾಂತ ಶಕ್ತಿ ಎಷ್ಟು ಆಪ್ತವೋ ಪಕ್ಕದ ಲೌಡ್‌ಸ್ಪೀಕರಿನ ಅಯಸ್ಕಾಂತವೂ ಅಷ್ಟೇ ಆಪ್ತ. ವೈರ್‌ಲೆಸ್ಸಿನ ಒಡಲಲ್ಲಿ ಸ್ಪೀಕರ್ ಇರುತ್ತದೆ, ಪರದೆಗಳಲ್ಲಿ ಲೋಹದ ಭಾಗಗಳೂ ಹರಿಯುವ ವಿದ್ಯುತ್ತೂ ಇರುತ್ತವೆ. ಪ್ರತಿ ಉಪಕರಣದ ಕೈಪಿಡಿಯಲ್ಲಿಯೂ ದಿಕ್ಸೂಚಿಯಿಂದ ಎಷ್ಟು ದೂರವಿರಬೇಕೆಂದು ಅಚ್ಚಾಗಿರುತ್ತದೆ; ಕೆಲವಕ್ಕೆ ಕೆಲವು ಹತ್ತು ಸೆಂಟಿಮೀಟರ್, ಕೆಲವಕ್ಕೆ ಒಂದು ಮೀಟರಿನವರೆಗೆ. ಸಣ್ಣ ದೋಣಿಯ ಹಲಗೆಯ ಅಗಲವೇ ಒಂದು ಮೀಟರಿನ ಆಸುಪಾಸು ಇರುವಾಗ ಎಲ್ಲವನ್ನೂ ಒತ್ತೊತ್ತಾಗಿ ಹುದುಗಿಸುವ ಆಸೆಗೆ ಇಲ್ಲೇ ಕಡಿವಾಣ ಬೀಳುತ್ತದೆ. ಕೊರೆಯುವ ಮುನ್ನ ಉಪಕರಣವನ್ನು ಚಾಲೂ ಮಾಡಿ ಉದ್ದೇಶಿತ ಜಾಗದಲ್ಲಿ ಕೈಯಲ್ಲಿ ಹಿಡಿದು, ಸೂಜಿ ಸರಿಯುತ್ತದೆಯೇ ನೋಡಬೇಕು. ಹಲಗೆಯ ಹಿಂದೆ ದಿಕ್ಸೂಚಿಯ ಬಳಿ ಹಾಯುವ ಎರಡು ತಂತಿಗಳನ್ನು ಜಡೆಯಂತೆ ಹೆಣೆದುಬಿಟ್ಟರೆ ಒಂದರ ಪ್ರಭಾವವನ್ನು ಇನ್ನೊಂದು ತೊಡೆದುಹಾಕುತ್ತದೆ. ಈ ಉಪಾಯ ನಮಗೆ ಬಹಳ ಮೆಚ್ಚಿಗೆಯಾಯಿತು.

ಹುದುಗಿಸಿದ ಉಪಕರಣಕ್ಕೆ ಎರಡು ಲೋಕಗಳು. ಮುಖ ಹೊರಗೆ, ಬೆನ್ನು ಕತ್ತಲಲ್ಲಿ. ಪೆಟ್ಟಿಗೆಯ ಮೇಲೆ 'ಐಪಿಎಕ್ಸ್7' ಎಂದು ಮುದ್ರಿಸಿದ್ದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೂ ಒಳಗೆ ನೀರು ಹೋಗದು ಎಂದರ್ಥ. ಆದರೆ ಹುದುಗಿಸಲೆಂದೇ ತಯಾರಾದ ಕೆಲವು ಉಪಕರಣಗಳಲ್ಲಿ ಈ ಭರವಸೆ ಮುಖಕ್ಕೆ ಮಾತ್ರ ಅನ್ವಯಿಸುತ್ತದೆ, ಬೆನ್ನಿಗಲ್ಲ. ಕೈಪಿಡಿಯ ಸಣ್ಣ ಅಕ್ಷರಗಳಲ್ಲಿ ಇದಿರುತ್ತದೆ. ಸಣ್ಣ ಅಕ್ಷರಗಳನ್ನು ಓದಿಸುವುದು ನಮ್ಮ ವೃತ್ತಿಯ ಚಟ, ಓದುಗರು ಕ್ಷಮಿಸಬೇಕು. ಹಲಗೆಯ ಹಿಂಬದಿ ಮುಚ್ಚಿದ ಗೂಡಾದರೆ ಉಪ್ಪಿನ ತೇವ ಅಲ್ಲೇ ನಿಂತು ತಾಮ್ರದ ತಂತಿಯ ತುದಿಯನ್ನು ಹಸಿರಾಗಿಸಿ ತಿನ್ನುತ್ತದೆ. ಆದ್ದರಿಂದ ದೋಣಿಗೆ ಬಳಸುವ ತಂತಿಯ ಎಳೆಗಳಿಗೆ ತವರದ ಲೇಪವಿರಬೇಕು. ಕೆಳಗಡೆ ನೀರು ಬಸಿಯಲು ದಾರಿ ಬೇಕು. ತಂತಿ ಉಪಕರಣವನ್ನು ಸೇರುವ ಮುನ್ನ ಒಮ್ಮೆ ಕೆಳಗೆ ಜೋತು ಮೇಲೇರಬೇಕು. ಆಗ ತಂತಿಯ ಮೇಲೆ ಹರಿದು ಬಂದ ಹನಿ ಆ ಬಾಗಿನಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ, ಪ್ಲಗ್ಗಿನೊಳಗೆ ಹೋಗುವುದಿಲ್ಲ.

ಬಿಸಿಯದ್ದೂ ಒಂದು ಕಥೆ. ಉಪಕರಣ ತನ್ನ ಬೆನ್ನಿನಿಂದಲೇ ಬಿಸಿಯನ್ನು ಹೊರಹಾಕುತ್ತದೆ. ಅನೇಕ ತಯಾರಕರು 55 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ಕೆಲಸದ ಭರವಸೆ ಕೊಡುತ್ತಾರೆ. ಕತ್ತರಿ ಬಿಸಿಲಿನ ದಿನಗಳಲ್ಲಿ ಚೆನ್ನೈನ ಗಾಳಿಯೇ 40ರ ಮೇಲಿರುವಾಗ, ಬಿಸಿಲಿಗೆ ಒಡ್ಡಿದ, ಗಾಳಿಯಾಡದ ಗೂಡಿನೊಳಗೆ ಆ ಮಿತಿ ದಾಟುವುದು ಕಷ್ಟವೇನಲ್ಲ. ತಂಪು ದೇಶಗಳ ವಿಹಾರದೋಣಿಗಳ ಚಿತ್ರ ನೋಡಿ ನಮ್ಮ ಕಡಲಿಗೆ ಹಾಗೆಯೇ ಮಾಡಿಸುವವರು ಇದನ್ನು ಯೋಚಿಸುವುದಿಲ್ಲ. ಗೂಡಿನ ಎರಡು ಬದಿಗೂ ಗಾಳಿಕಿಂಡಿ ಇದ್ದರೆ ಸಾಕಾಗುತ್ತದೆ.

ಕೊರೆಯುವ ಕೆಲಸಕ್ಕೆ ಕಾಸಿಮೇಡಿನಲ್ಲಿ ಒಂದು ಋತುವಿದೆ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅರವತ್ತೊಂದು ದಿನ, ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ನಮ್ಮ ಕರ್ನಾಟಕದ ಕರಾವಳಿಯಲ್ಲಿ ಅದು ಜೂನ್, ಜುಲೈ ತಿಂಗಳು. ಮೀನಿಗೆ ಮರಿಮಾಡಲು ಬಿಟ್ಟ ಈ ಬಿಡುವಿನಲ್ಲಿ ದೋಣಿಗಳಿಗೆ ಬಣ್ಣ, ಎಂಜಿನ್ನಿಗೆ ಚಿಕಿತ್ಸೆ, ಹಲಗೆಗೆ ಹೊಸ ಪರದೆ.

ಉಪಕರಣದ ಜೊತೆಗೆ ಕಾಗದದ ಅಚ್ಚು ಬರುತ್ತದೆ. ಅದು ಕಳೆದುಹೋಗಿ ಜೆರಾಕ್ಸ್ ಮಾಡಿಸಿದ್ದರೆ ಅಥವಾ ಕಂಪ್ಯೂಟರಿನಿಂದ ಮುದ್ರಿಸಿದ್ದರೆ, ಅಳತೆ ಕುಗ್ಗಿದೆಯೇ ಎಂದು ಅಡಿಪಟ್ಟಿಯಿಟ್ಟು ನೋಡಲೇಬೇಕು. ನೂರಕ್ಕೆ ಮೂರು ಪಾಲು ಕುಗ್ಗಿದರೂ ಕಿಂಡಿ ಕೆಟ್ಟಂತೆ. ಆಮೇಲೆ ಹಲಗೆಯ ಹಿಂದೆ ಕೈಯಾಡಿಸಬೇಕು. ಚುಕ್ಕಾಣಿಯ ಕೇಬಲ್, ಅಡ್ಡಪಟ್ಟಿ, ಹಳೆಯ ತಂತಿಗಳು ಇದ್ದರೆ ಜಾಗ ಬದಲಿಸಬೇಕು. ಉಪಕರಣದ ಆಳ ಮಾತ್ರವಲ್ಲ, ಅದರ ಹಿಂದೆ ಪ್ಲಗ್ ಚುಚ್ಚಿ ತಂತಿ ಮೆಲ್ಲಗೆ ಬಾಗಲು ಬೇಕಾದ ನಾಲ್ಕು ಬೆರಳು ಜಾಗವನ್ನೂ ಲೆಕ್ಕ ಹಿಡಿಯಬೇಕು. ಹಲಗೆಯ ಮೇಲೆ ಕಾಗದದ ಟೇಪು ಅಂಟಿಸಿ ಅದರ ಮೇಲೆ ಗೆರೆ ಎಳೆದರೆ ಗೆರೆಯೂ ಸ್ಪಷ್ಟ, ಮೇಲ್ಮೈಯೂ ಚಕ್ಕೆ ಏಳದು. ನಾಲ್ಕು ಮೂಲೆಗಳಲ್ಲಿ ಮೊದಲು ದುಂಡನೆಯ ರಂಧ್ರ ಕೊರೆದು, ಆಮೇಲೆ ಗೆರೆಯ ಒಳಬದಿಗೆ ಗರಗಸ ನಡೆಸಿ, ಉಳಿದದ್ದನ್ನು ಅರದಿಂದ ಉಜ್ಜಿ ಸರಿಮಾಡುತ್ತಾರೆ. ಮೂಲೆಯನ್ನು ಚೂಪಾಗಿ ಕೊಯ್ದರೆ ಫೈಬರಿನಲ್ಲಿ ಅಲ್ಲಿಂದಲೇ ಬಿರುಕು ಹುಟ್ಟಿ ಹರಿಯುತ್ತದೆ. ಕಡಿಮೆ ಕೊಯ್ದದ್ದನ್ನು ಹೆಚ್ಚಿಸಬಹುದು, ಹೆಚ್ಚು ಕೊಯ್ದದ್ದನ್ನು ಕಡಿಮೆ ಮಾಡಲಾಗದು. ದರ್ಜಿಗೂ ಬಡಗಿಗೂ ಇದು ಒಂದೇ ಪಾಠ.

ಕೊಯ್ದ ಅಂಚನ್ನು ಹಾಗೆಯೇ ಬಿಡುವುದು ನಾವು ಕಂಡ ದೊಡ್ಡ ಉದಾಸೀನ. ಪ್ಲೈವುಡ್ಡಿನ ಕೊಯ್ದ ಬಾಯಿ ಬತ್ತಿಯಂತೆ ನೀರು ಹೀರುತ್ತದೆ. ಎರಡು ಫೈಬರ್ ಪದರಗಳ ನಡುವೆ ಮರವಿರುವ ಹಲಗೆಯಾದರೆ ಕೊಳೆತ ಹೊರಗೆ ಕಾಣುವುದೂ ಇಲ್ಲ. ಎಪಾಕ್ಸಿ ರಾಳವನ್ನು ಎರಡು ಕೈ ಬಳಿದು ಒಣಗಿಸಿದ ಮೇಲೆಯೇ ಉಪಕರಣ ಕೂರಿಸಬೇಕು. ಉಪಕರಣಕ್ಕೆ ರಬ್ಬರಿನ ಪಟ್ಟಿ ಕೊಟ್ಟಿದ್ದರೆ ಅದೇ ಸಾಕು. ಪಟ್ಟಿಯ ಮೇಲೆ ಸೀಲೆಂಟನ್ನೂ ಮೆತ್ತುವುದು ಎರಡನ್ನೂ ಕೆಡಿಸಿದಂತೆ. ಪಟ್ಟಿಯಿಲ್ಲದಿದ್ದರೆ ತೆಳುವಾಗಿ ಸಿಲಿಕೋನ್ ಹಚ್ಚಬಹುದು. ಆದರೆ ವಿನೆಗರಿನ ವಾಸನೆ ಬರುವ ಬಗೆಯದು ಬೇಡ, ಅದರಿಂದ ಹೊರಡುವ ಆಮ್ಲ ಲೋಹವನ್ನು ತಿನ್ನುತ್ತದೆ. ದೋಣಿಯ ಒಡಲಿಗೆ ಬಳಸುವ ಗಟ್ಟಿ ಅಂಟಂತೂ ಬೇಡವೇ ಬೇಡ. ದುರಸ್ತಿಗೆ ಬಿಚ್ಚುವ ದಿನ ಪರದೆಯನ್ನು ಉಳಿಯಿಂದ ಕೆತ್ತಿ ತೆಗೆಯಬೇಕಾಗುತ್ತದೆ. ತಿರುಪುಗಳನ್ನು ಶಕ್ತಿಯಿದೆಯೆಂದು ಬಿಗಿದರೆ ಪ್ಲಾಸ್ಟಿಕ್ಕಿನ ಕಿವಿ ಸೀಳುತ್ತದೆ.

ಬ್ಯಾಂಕಿನವರಾಗಿ ಒಂದು ಸಲಹೆ ಕೊಡಬೇಕೆನಿಸುತ್ತದೆ. ಲೆಕ್ಕಪುಸ್ತಕದಲ್ಲಿ ಸವಕಳಿ ಎಂಬುದೊಂದಿದೆ. ದೋಣಿಯ ಸವಕಳಿ ನಿಧಾನ, ಪರದೆಯದ್ದು ಬಿರುಸು. ಒಂದು ದೋಣಿಯ ಆಯುಸ್ಸಿನಲ್ಲಿ ಮೂರು ನಾಲ್ಕು ಪರದೆಗಳಾದರೂ ಬಂದುಹೋಗುತ್ತವೆ, ಮತ್ತು ಒಂದರ ಅಳತೆ ಇನ್ನೊಂದಕ್ಕೆ ಸರಿಹೊಂದುವುದಿಲ್ಲ. ಹೊಸದು ದೊಡ್ಡದಾದರೆ ಮತ್ತೆ ಕೊರೆಯಬೇಕು, ಚಿಕ್ಕದಾದರೆ ತೇಪೆ ಹಾಕಬೇಕು. ಆದ್ದರಿಂದ ಹಲಗೆಯಲ್ಲಿ ಒಮ್ಮೆ ದೊಡ್ಡ ಚೌಕ ಕಿಂಡಿ ಮಾಡಿಸಿ, ಅದರ ಮೇಲೆ ತಿರುಪಿನಿಂದ ಕೂರುವ ತೆಳು ತಟ್ಟೆಯೊಂದನ್ನು ಇಟ್ಟು, ಉಪಕರಣಗಳ ಕಿಂಡಿಗಳನ್ನು ಆ ತಟ್ಟೆಯಲ್ಲಿ ಕೊರೆಯುವುದೇ ಲೇಸು. ಪರದೆ ಬದಲಾದರೆ ತಟ್ಟೆ ಬದಲಿಸಿದರಾಯಿತು. ಹಿಂಬದಿಯ ತಂತಿಗಳನ್ನು ನೋಡಲು ನಾಲ್ಕು ತಿರುಪು ಬಿಚ್ಚಿ ತಟ್ಟೆಯನ್ನೇ ಬಾಗಿಲಿನಂತೆ ತೆಗೆಯಬಹುದು. ಖರ್ಚು ಮೊದಲಿಗೆ ಸ್ವಲ್ಪ ಹೆಚ್ಚು, ಆಮೇಲೆ ಪ್ರತಿ ಬಾರಿಯೂ ಉಳಿತಾಯ.

ವಿದ್ಯುತ್ತಿನ ಬಗ್ಗೆ ಹೆಚ್ಚು ಹೇಳುವ ಅರ್ಹತೆ ನಮಗಿಲ್ಲ. ಆದರೂ ಎರಡು ಸಂಗತಿ. ಪ್ರತಿ ತಂತಿಗೂ ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಬೇಕು. ಉಪಕರಣದ ಬಳಿ ಇಟ್ಟರೆ ನಡುವಿನ ತಂತಿ ಉಜ್ಜಿ ಬೆಂಕಿ ಹತ್ತಿದಾಗ ಅದು ಕಾಪಾಡುವುದಿಲ್ಲ. ಇನ್ನೊಂದು, 12 ವೋಲ್ಟಿನ ದೋಣಿಯಲ್ಲಿ ತೆಳು ತಂತಿ ಬಳಸಿದರೆ ದಾರಿಯಲ್ಲೇ ವೋಲ್ಟೇಜ್ ಸೋರಿಹೋಗಿ, ಎಂಜಿನ್ ಚಾಲೂ ಮಾಡಿದ ಕ್ಷಣ ಪರದೆ ಆರಿ ಮತ್ತೆ ಮೊದಲಿನಿಂದ ಎಚ್ಚರಗೊಳ್ಳುತ್ತದೆ.

ಇಷ್ಟೆಲ್ಲ ಹೇಳಿದ್ದು ಚಾಲಕಕೋಣೆಯಿರುವ ದೋಣಿಗಳಿಗೆ. ಮರೀನಾದ ಉತ್ತರಕ್ಕೂ ದಕ್ಷಿಣಕ್ಕೂ ಮರಳ ಮೇಲೆ ಸಾಲಾಗಿ ಒರಗಿರುವ ತೆರೆದ ಫೈಬರ್ ದೋಣಿಗಳಿಗೆ ಇದು ಹೊಂದುವುದಿಲ್ಲ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಪರಿಹಾರವಾಗಿ ಬಂದ ಫೈಬರ್ ದೋಣಿಗಳು ಈ ಕರಾವಳಿಯ ಕಟ್ಟುಮರಗಳನ್ನು ಬಹುಮಟ್ಟಿಗೆ ಬದಿಗೆ ಸರಿಸಿದವು. ಇಂಗ್ಲಿಷಿಗೆ ಕೆಟಮರಾನ್ ಆಗಿ ಹೋದ ಆ ತಮಿಳು ಪದದಲ್ಲಿ ಕಟ್ಟು, ಮರ ಎರಡೂ ನಮಗೂ ಸೇರಿದ ಮಾತುಗಳೇ. ಈ ದೋಣಿಗಳಲ್ಲಿ ಚುಕ್ಕಾಣಿಯ ಮುಂದೆ ಹಲಗೆಯೇ ಇಲ್ಲ. ಹಿಂದೆ ನಿಂತು ಎಂಜಿನ್ನಿನ ಹಿಡಿಯನ್ನೇ ತಿರುಗಿಸುತ್ತಾರೆ. ತೆರೆಯ ಹೊಡೆತ ನೇರ ಬೀಳುತ್ತದೆ, ರಾತ್ರಿಯಿಡೀ ದೋಣಿ ಮರಳ ಮೇಲೆ ಅನಾಥವಾಗಿರುತ್ತದೆ. ಅಲ್ಲಿ ಉಪಕರಣ ಹುದುಗಿಸುವುದು ಕಳ್ಳನಿಗೂ ಉಪ್ಪುನೀರಿಗೂ ಆಹ್ವಾನ. ಅವರು ಅಂಗೈಯಗಲದ ಜಿಪಿಎಸ್ಸನ್ನು ಚೀಲದಲ್ಲಿಟ್ಟು ಕೊರಳಿಗೆ ಕಟ್ಟಿಕೊಂಡು ಹೋಗಿ, ಹಾಗೆಯೇ ಮನೆಗೆ ತರುವುದು ಸರಿಯಾದ ಕ್ರಮವೇ. ಅದನ್ನು ಹಿಂದುಳಿದಿರುವಿಕೆ ಎನ್ನುವ ಮಾರಾಟಗಾರರ ಮಾತಿಗೆ ಕಿವಿಗೊಡಬೇಕಿಲ್ಲ.

ಹುದುಗಿಸಬಾರದ ವಸ್ತುಗಳೂ ಇವೆ. 2017ರ ನವೆಂಬರ್ ಕೊನೆಯಲ್ಲಿ ಒಖಿ ಚಂಡಮಾರುತ ಕನ್ಯಾಕುಮಾರಿಯ ಕಡಲಿಗೆ ಬಂದಾಗ, ವಾರಗಟ್ಟಲೆ ಆಳಸಮುದ್ರದಲ್ಲಿದ್ದ ದೋಣಿಗಳಿಗೆ ಎಚ್ಚರಿಕೆ ತಲುಪಿಸುವ ದಾರಿಯೇ ಇರಲಿಲ್ಲ. ವಿಎಚ್‌ಎಫ್ ಕಣ್ಣಳತೆಯ ದೂರಕ್ಕಿಂತ ಬಹಳ ಆಚೆಗೆ ಹೋಗದು, ಮೊಬೈಲಿನ ಸಂಕೇತ ದಡ ಬಿಟ್ಟ ಕೆಲವೇ ಮೈಲಿಗೆ ಕಡಿದುಹೋಗುತ್ತದೆ. ಮರುವರ್ಷ ನಮ್ಮ ನಾಡಿಗೇ ಪೆಟ್ಟು ಬಿತ್ತು. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಏಳು ಮಂದಿಯೊಡನೆ ಹೊರಟ 'ಸುವರ್ಣ ತ್ರಿಭುಜ' ದೋಣಿ ಮರಳಲಿಲ್ಲ. ತಿಂಗಳುಗಟ್ಟಲೆ ಹುಡುಕಾಟದ ನಂತರ 2019ರ ಮೇ ತಿಂಗಳಲ್ಲಿ ನೌಕಾಪಡೆಯ 'ನಿರೀಕ್ಷಕ್' ಹಡಗು ಮಹಾರಾಷ್ಟ್ರದ ಮಾಲ್ವಣ್ ಬಳಿ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ಪತ್ತೆಹಚ್ಚಿತು. ದೋಣಿ ಕೊನೆಯ ಗಳಿಗೆಯಲ್ಲಿ ಎಲ್ಲಿತ್ತೆಂಬ ಒಂದು ಸಂಕೇತ ದಡಕ್ಕೆ ಬಂದಿದ್ದರೆ ಆ ಏಳು ಮನೆಗಳು ಐದು ತಿಂಗಳು ಕಾಯಬೇಕಿರಲಿಲ್ಲ.

ಉಪಗ್ರಹದ ಮೂಲಕ ಎರಡೂ ಕಡೆ ಸಂದೇಶ ಸಾಗಿಸುವ ಟ್ರಾನ್ಸ್‌ಪಾಂಡರುಗಳನ್ನು ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಅಳವಡಿಸುವ 364 ಕೋಟಿ ರೂಪಾಯಿಗಳ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರಿನಲ್ಲಿ ಚಾಲನೆ ದೊರೆಯಿತು. ಅದರ ಆಂಟೆನಾಗೆ ಆಕಾಶ ಕಾಣಬೇಕು. ಫೈಬರಿನ ಚಾವಣಿಯನ್ನು ಸಂಕೇತ ಹಾಯಬಹುದು, ಉಕ್ಕಿನ ಚಾವಣಿಯನ್ನು ಹಾಯಲಾರದು. ಹಲಗೆಯೊಳಗೆ ಅಂದವಾಗಿ ಅಡಗಿಸಿಟ್ಟ ಟ್ರಾನ್ಸ್‌ಪಾಂಡರ್ ಎಂದರೆ ಬಾಯಿಗೆ ಬಟ್ಟೆ ತುರುಕಿದ ಕಾವಲುಗಾರನಂತೆ. ಅದು ಚಾವಣಿಯ ಮೇಲಿರಬೇಕು. ಆಪತ್ತಿನ ಗುಂಡಿ ಕತ್ತಲಲ್ಲಿ ತಡವಿದರೂ ಸಿಗುವಂತಿರಬೇಕು ಮತ್ತು ಅದು ಎಲ್ಲಿದೆ ಎಂಬುದು ತಂಡೇಲನಿಗೆ ಮಾತ್ರವಲ್ಲ, ಅಡುಗೆಯ ಹುಡುಗನಿಗೂ ಗೊತ್ತಿರಬೇಕು. ವೈರ್‌ಲೆಸ್ಸಿನ ಪೆಟ್ಟಿಗೆಯನ್ನು ಹುದುಗಿಸಿದರೂ ಅದರ ಮೈಕು ಹೊರಗೆ, ಚುಕ್ಕಾಣಿ ಬಿಡದೆ ಕೈಗೆಟಕುವಲ್ಲಿ ತೂಗುತ್ತಿರಬೇಕು.

ಎಲ್ಲ ಮುಗಿದು ತಟ್ಟೆ ತಿರುಪಿದ ಮೇಲೆ, ಜೂನ್ 14 ಬರುವುದರೊಳಗೆ, ಬಂದರಿನೊಳಗಿನ ನಿಂತ ನೀರಿನಲ್ಲಿ ಒಂದು ಸುತ್ತು ಹೋಗಿ ನೋಡುತ್ತಾರೆ. ಎಲ್ಲ ಉಪಕರಣಗಳನ್ನೂ ಆರಿಸಿ ದಿಕ್ಸೂಚಿ ಓದುವುದು, ಒಂದೊಂದಾಗಿ ಚಾಲೂ ಮಾಡುತ್ತ ಮತ್ತೆ ಓದುವುದು, ವೈರ್‌ಲೆಸ್ಸಿನಲ್ಲಿ ಮಾತಾಡುವಾಗ ಪರದೆ ಮಿಣುಕುತ್ತದೆಯೇ ನೋಡುವುದು, ಕೊನೆಗೆ ಕೊಳಾಯಿಯ ನೀರನ್ನು ಹಲಗೆಯ ಮೇಲೆ ಹತ್ತು ನಿಮಿಷ ಹರಿಸಿ ಹಿಂದೆ ಕೈಯಿಟ್ಟು ತೇವವಿದೆಯೇ ಪರೀಕ್ಷಿಸುವುದು. ನಾವು ನೋಡಿದ ದೋಣಿಯಲ್ಲಿ ಆ ಎಲೆಕ್ಟ್ರಿಷಿಯನ್ ಪರದೆಯ ಹಿಂದೆ ಒಂದು ಮೊಳ ತಂತಿಯನ್ನು ಸುರುಳಿ ಸುತ್ತಿ ಹೆಚ್ಚಾಗಿಯೇ ಬಿಟ್ಟಿದ್ದರು. ಮುಂದಿನ ಬಾರಿ ತಟ್ಟೆಯನ್ನು ಹೊರಗೆಳೆದು, ತಂತಿ ಕೀಳದೆ, ಬೆಳಕಿನಲ್ಲಿ ತಿರುಗಿಸಿ ನೋಡಲು ಅದು ಬೇಕಾಗುತ್ತದಂತೆ.